ತಾತ ಮಗುವಲ್ಲ

"ವಯಸ್ಸಾದ ಮೇಲೆ ಎಲ್ಲರೂ ಮಕ್ಕಳೇ" ಅನ್ನುವ ಮಾತನ್ನು ನಮ್ಮ ಕಡೆ ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ. ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ, ರಾಬರ್ಟ್‌ಸನ್‌ಪೇಟೆಯ ಮದುವೆ ಮನೆಗಳಲ್ಲಿ, ಔಷಧಿ ಅಂಗಡಿಯ ಮುಂದೆ, ಮರೆವಿನ ಕಾಯಿಲೆ ಬಂದ ಅಪ್ಪನನ್ನೋ ಅತ್ತೆಯನ್ನೋ ಕೈಹಿಡಿದು ನಡೆಸಿಕೊಂಡು ಬರುವವರನ್ನು ಕಂಡರೆ ಸಾಕು, ಯಾರಾದರೊಬ್ಬರು ಈ ಮಾತು ಹೇಳಿ ಸಮಾಧಾನ ಮಾಡುತ್ತಾರೆ. ಹೇಳಿಸಿಕೊಂಡವರೂ ತಲೆಯಾಡಿಸುತ್ತಾರೆ. ಈ ಮಾತು ತಪ್ಪು ಎಂಬುದು ನನ್ನ ವಾದ. ಬುದ್ಧಿ ಮಂಕಾದ ಹಿರಿಯರನ್ನು ಮನೆಮನೆಯಲ್ಲಿ ದಿನಾ ನೋಯಿಸುತ್ತಿರುವುದು ಬೈಗುಳಕ್ಕಿಂತ ಹೆಚ್ಚಾಗಿ ಇದೇ ನಂಬಿಕೆ. ಅದರ ಹಿಂದೆ ಪ್ರೀತಿ ಇರುವುದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಅಷ್ಟೆ.

ಈ ನಂಬಿಕೆ ಬಾಯಿಗೆ ಇಳಿದಾಗ ಏನಾಗುತ್ತದೆ ನೋಡಿ. ಎಂಬತ್ತರ ಹತ್ತಿರದ ಮನುಷ್ಯನಿಗೆ "ಜಾಣ ತಾತ ಅಲ್ವಾ, ಆ ಅನ್ನು, ಇನ್ನೊಂದೇ ತುತ್ತು" ಎಂದು ರಾಗ ಎಳೆಯುತ್ತೇವೆ. ಅವರು ಅಲ್ಲೇ ಕೂತಿರುವಾಗ ಅವರು ಹಾಸಿಗೆ ಒದ್ದೆ ಮಾಡಿಕೊಂಡ ಸುದ್ದಿಯನ್ನು ನೆಂಟರಿಗೆ ಹೇಳುತ್ತೇವೆ. ಮಾತ್ರೆ ನುಂಗದಿದ್ದರೆ "ಡಾಕ್ಟರಿಗೆ ಹೇಳಿ ಇಂಜೆಕ್ಷನ್ ಹಾಕಿಸ್ತೀನಿ" ಎಂದು ಹೆದರಿಸುತ್ತೇವೆ. ಯಾವ ಪಂಚೆ ಉಡಬೇಕು, ಮುದ್ದೆಯೋ ಅನ್ನವೋ, ಕಿಟಕಿ ತೆಗೆದಿರಲೋ ಮುಚ್ಚಿರಲೋ ಎಂದು ಒಂದನ್ನೂ ಕೇಳುವುದಿಲ್ಲ. ಕೈ ಕೊಸರಿಕೊಂಡರೆ ಹಟ ಅನ್ನುತ್ತೇವೆ. ದೊಡ್ಡವರು ಬೇಡ ಅಂದರೆ ಅದು ಅವರ ಇಷ್ಟ, ಮಕ್ಕಳು ಬೇಡ ಅಂದರೆ ಅದು ಹಟ. ತಾತನನ್ನು ಮಕ್ಕಳ ಸಾಲಿಗೆ ಸೇರಿಸಿದ ಕ್ಷಣವೇ ಬೇಡ ಅನ್ನುವ ಹಕ್ಕನ್ನು ಅವರ ಬಾಯಿಂದ ಕಿತ್ತುಕೊಂಡಂತಾಯಿತು.

ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕಾರ್ಮಿಕರ ಒಂದು ಲೈನ್ ಮನೆಯಲ್ಲಿ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಗಣಿಯೊಳಗೆ ಮರಕಟ್ಟು ಕೆಲಸ ಮಾಡಿ ನಿವೃತ್ತರಾದವರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಊರಿಂದ ನೆಂಟರು ಬಂದಿದ್ದರು. ಸೊಸೆ ಒಳ್ಳೆಯ ಹೆಣ್ಣುಮಗಳು, ಮಾವನನ್ನು ಚೆನ್ನಾಗಿಯೇ ನೋಡಿಕೊಳ್ಳುವವಳು. "ತಾತಾ, ಇದು ಯಾರು ಹೇಳಿ ನೋಡೋಣ?" ಅಂದಳು. ಅವರು ನಕ್ಕರು. "ಹೇಳಿ ತಾತಾ, ನಿಮ್ಮ ತಂಗಿ ಮಗಳು... ಹೆಸರು? ಹೆಸರೇನು?" ಅವರು ಮತ್ತೆ ನಕ್ಕರು, ಈ ಸಲ ಕಣ್ಣು ನೆಲಕ್ಕೆ ಇಳಿದಿತ್ತು. ಬೆರಳುಗಳು ಪಂಚೆಯ ಅಂಚನ್ನು ಸುರುಳಿ ಸುತ್ತತೊಡಗಿದವು. ಮೂರನೇ ಸಲ ಕೇಳಿದಾಗ ಎದ್ದು ಒಳಗೆ ಹೋಗಿಬಿಟ್ಟರು. "ನೋಡಿದ್ರಾ, ಏನೂ ಗೊತ್ತಾಗಲ್ಲ ಪಾಪ" ಎಂಬ ಮಾತು ಬಾಗಿಲವರೆಗೂ ಅವರ ಬೆನ್ನಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅವರ ಜೊತೆ ಕೆಲಸ ಮಾಡಿದವರೊಬ್ಬರು ಬಂದರು. ಹೆಸರು ಕೇಳಲಿಲ್ಲ, ಗುರುತು ಸಿಕ್ಕಿತಾ ಅನ್ನಲಿಲ್ಲ. ಪಕ್ಕದಲ್ಲಿ ಕೂತು, ತಮ್ಮ ಹೆಸರನ್ನು ತಾವೇ ಹೇಳಿಕೊಂಡು, ಗಣಿಗೆ ಇಳಿಸುವ ಲಿಫ್ಟು, ಅಂದರೆ ಕೇಜ್, ಕೆಳಗಿಳಿಯುವಾಗ ಕಿವಿ ಗುಯ್ ಅನ್ನುತ್ತಿದ್ದ ಮಾತು ತೆಗೆದರು, ತಮಿಳಿನಲ್ಲಿ. ಸ್ವಲ್ಪ ಹೊತ್ತಿನ ಮೌನ. ಆಮೇಲೆ ಈ ಹಿರಿಯರ ಎರಡೂ ಕೈ ಮೇಲೆದ್ದವು. ಮೇಲಿನ ಬಂಡೆಗೆ ದಿಮ್ಮಿಯನ್ನು ಹೇಗೆ ಒತ್ತಿ ನಿಲ್ಲಿಸಬೇಕು, ಬೆಣೆ ಎಲ್ಲಿ ಹೊಡೆಯಬೇಕು, ಹೊಡೆದಾಗ ಮರ ಯಾವ ಸದ್ದು ಮಾಡಿದರೆ ಓಡಬೇಕು ಎಂಬುದನ್ನು ಕೈಯಲ್ಲೂ ಬಾಯಲ್ಲೂ ತೋರಿಸಿದರು. ಮಾತು ಅಲ್ಲಲ್ಲಿ ತುಂಡಾಗುತ್ತಿತ್ತು. ಆದರೆ ಅದು ಮಗುವಿನ ಮಾತಲ್ಲ, ಕಸುಬು ಬಲ್ಲವನ ಮಾತು.

ಒಂದೇ ಮನುಷ್ಯ, ಒಂದೇ ಸಂಜೆ, ಅದೇ ಕಾಯಿಲೆ. ಬದಲಾದದ್ದು ಅವರೊಂದಿಗೆ ಆಡಿದ ಮಾತು ಮಾತ್ರ.

ಇಲ್ಲಿನ ಚಿನ್ನದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರುವರಿ 28ರಂದು. ಆಗ ಐವತ್ತು ತುಂಬಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಅಂದರೆ ಗಣಿಯ ಕೊನೆಯ ತಲೆಮಾರು ಮರೆವಿನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸಿಗೆ ಬಂದು ನಿಂತಿದೆ. ಇವರು ಎಂಥ ಜನ ಎಂಬುದನ್ನು ನೆನೆಯಿರಿ. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯೇ ಸುಡುತ್ತದೆ. ಒತ್ತಡ ತಾಳಲಾರದೆ ಬಂಡೆ ಒಮ್ಮೆಲೇ ಸಿಡಿಯುವುದಕ್ಕೆ ಇಲ್ಲಿನವರು ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ಬಂಡೆಯ ವರ್ತನೆಯನ್ನು ಅರಿಯಲು 1988ರಲ್ಲಿ ಇಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿತು. ಕತ್ತಲಲ್ಲಿ ಬಂಡೆಯ ಸದ್ದು ಕೇಳಿ, ನಿಲ್ಲಬೇಕೋ ಓಡಬೇಕೋ ಎಂದು ಕ್ಷಣದಲ್ಲಿ ತೀರ್ಮಾನಿಸಿದವರು ಇವರು. ಜೊತೆಯವರ ಪ್ರಾಣ ಇವರ ತೀರ್ಮಾನದ ಮೇಲೆ ನಿಂತಿತ್ತು. ಇಂಥವರಿಗೆ ಒಂದು ಲೋಟ ಹಾಲು ಕುಡಿದದ್ದಕ್ಕೆ "ವೆರಿ ಗುಡ್ ತಾತಾ" ಎಂದು ಚಪ್ಪಾಳೆ ತಟ್ಟುವುದು ಅವಮಾನ. ಅದು ಅವಮಾನ ಎಂದು ಅವರಿಗೆ ತಿಳಿಯುತ್ತದೆ ಕೂಡ.

ತಿಳಿಯುವುದಿಲ್ಲ ಅನ್ನುವವರಿದ್ದಾರೆ. ಅವರ ಕಡೆ ವಿಜ್ಞಾನವೂ ಇದೆ ಎಂದು ತೋರುವುದರಿಂದ ಆ ವಾದವನ್ನು ಪೂರ್ತಿಯಾಗಿ ಎತ್ತಿಕೊಳ್ಳುವುದು ನ್ಯಾಯ. ನ್ಯೂಯಾರ್ಕಿನ ವೈದ್ಯ ಬ್ಯಾರಿ ರೈಸ್‌ಬರ್ಗ್ ಆಲ್ಝೈಮರ್ ಕಾಯಿಲೆಯ ಹಂತಗಳನ್ನು ಗುರುತಿಸಿದವರು. ಮಗು ಯಾವ ಕ್ರಮದಲ್ಲಿ ಕಲಿಯುತ್ತದೋ ಅದಕ್ಕೆ ಸರಿಯಾಗಿ ತಿರುವುಮುರುವಾದ ಕ್ರಮದಲ್ಲಿ ಈ ರೋಗಿಗಳು ಕಳೆದುಕೊಳ್ಳುತ್ತಾರೆ ಎಂದು ಅವರು ತೋರಿಸಿದರು. ಮೊದಲು ಲೆಕ್ಕಾಚಾರ ಹೋಗುತ್ತದೆ, ಆಮೇಲೆ ಬಟ್ಟೆ ಆರಿಸಿಕೊಳ್ಳುವುದು, ಆಮೇಲೆ ಸ್ನಾನ, ಆಮೇಲೆ ಮಲಮೂತ್ರದ ಹಿಡಿತ, ಕೊನೆಗೆ ಮಾತು, ನಡಿಗೆ. ಇದನ್ನು ಅಲ್ಲಗಳೆಯುವುದಿಲ್ಲ. ನೋಡಿಕೊಳ್ಳುವವರಿಗೆ ಮುಂದೇನು ಬರುತ್ತದೆ ಎಂದು ತಿಳಿಯಲು ಇದು ನೆರವಾಗುತ್ತದೆ. ಆದರೆ ಇದು ಕೈಲಾಗುವ ಕೆಲಸಗಳ ಪಟ್ಟಿಯೇ ಹೊರತು ಮನುಷ್ಯನ ಪಟ್ಟಿಯಲ್ಲ. ಗುಂಡಿ ಹಾಕಿಕೊಳ್ಳಲು ಬಾರದ ಐದು ವರ್ಷದ ಹುಡುಗನಿಗೆ ಹೆಂಡತಿಯನ್ನು ಕಳೆದುಕೊಂಡ ದುಃಖವಿಲ್ಲ, ಸಾಲ ತೀರಿಸಿದ ಹೆಮ್ಮೆಯಿಲ್ಲ, ಪರರ ಮುಂದೆ ಬೆತ್ತಲಾಗುವ ನಾಚಿಕೆಯಿಲ್ಲ. ಗುಂಡಿ ಹಾಕಿಕೊಳ್ಳಲು ಬಾರದ ಎಪ್ಪತ್ತೈದರ ಮನುಷ್ಯನಿಗೆ ಇದೆಲ್ಲವೂ ಇದೆ. ಇನ್ನೊಂದು ಮಾತು. ಮಗುವನ್ನು ತಿದ್ದುವುದು ನಾಳೆ ಅದು ನೆನಪಿಟ್ಟುಕೊಳ್ಳುತ್ತದೆ ಎಂಬ ಭರವಸೆಯಿಂದ. ಈ ಕಾಯಿಲೆಯಲ್ಲಿ ಆ ನಾಳೆ ಇಲ್ಲ. ತಿದ್ದಿದ್ದು ಉಳಿಯುವುದಿಲ್ಲ, ತಿದ್ದಿಸಿಕೊಂಡ ನೋವು ಮಾತ್ರ ಉಳಿಯುತ್ತದೆ.

ನೋವು ಉಳಿಯುತ್ತದೆ ಎನ್ನುವುದು ನನ್ನ ಭಾವುಕತೆಯಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್ಝೈಮರ್ ಇರುವ 17 ಮಂದಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಸ್ವಲ್ಪ ಹೊತ್ತಿನಲ್ಲೇ ನೋಡಿದ್ದೇನೆಂಬುದು ಅವರಿಗೆ ಹೆಚ್ಚುಕಡಿಮೆ ಮರೆತುಹೋಯಿತು. ಆದರೆ ನೋಡಿದ್ದು ಎಬ್ಬಿಸಿದ ದುಃಖ, ಸಂತೋಷ ಹಾಗೇ ಉಳಿದಿದ್ದವು. ಏಕೆ ದುಃಖವಾಗಿದೆ ಎಂದು ತಿಳಿಯದೆ ದುಃಖದಲ್ಲಿ ಕೂತಿದ್ದರು. ನಮ್ಮ ಮನೆಗಳಲ್ಲಿ ಸಂಜೆ ಹೊತ್ತಿಗೆ ಸಿಡುಕುವ, ಕಾರಣವಿಲ್ಲದೆ ಅಳುವ ಹಿರಿಯರನ್ನು ಕಾಯಿಲೆಯ ಲೆಕ್ಕಕ್ಕೆ ಹಾಕುವ ಮೊದಲು, ಬೆಳಿಗ್ಗೆಯಿಂದ ಅವರಿಗೆ ಎಷ್ಟು ಸಲ ತಪ್ಪು ಅಂದಿದ್ದೇವೆ ಎಂದು ನೆನೆಸಿಕೊಳ್ಳಬೇಕು.

ಗಣಿಯೂರಿನ ತಪ್ಪುಗಳಲ್ಲೆಲ್ಲ ದೊಡ್ಡದು ಶಿಫ್ಟಿನದು. ಸೈರನ್ ಇಲ್ಲಿ ಬರೀ ಸದ್ದಾಗಿರಲಿಲ್ಲ, ಊಟ ನಿದ್ದೆಗಳ ಗಡಿಯಾರವೇ ಆಗಿತ್ತು. ನಡುರಾತ್ರಿ ಎದ್ದು ಚಪ್ಪಲಿ ಹುಡುಕುತ್ತಾ ಶಿಫ್ಟಿಗೆ ಹೊತ್ತಾಯಿತು ಅನ್ನುವ ಹಿರಿಯರು ಈ ಊರಿನಲ್ಲಿ ಅಪರೂಪವಲ್ಲ. ಮನೆಯವರ ಉತ್ತರವೂ ಒಂದೇ: "ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು, ಮಲಗಿ ಸುಮ್ನೆ." ಸತ್ಯ ಹೇಳಿದೆವು ಎಂದುಕೊಳ್ಳುತ್ತೇವೆ. ಆ ಕಡೆಯಿಂದ ನೋಡಿ. ಕೆಲಸಕ್ಕೆ ಹೊರಟ ಮನುಷ್ಯನಿಗೆ ಆ ಘಳಿಗೆಯಲ್ಲಿ ಮೊದಲ ಸಲ ತಿಳಿಯುತ್ತದೆ, ತನ್ನ ಕೆಲಸ ಹೋಯಿತು, ಗಣಿಯೇ ಹೋಯಿತು ಎಂದು. ಮರುರಾತ್ರಿ ಮತ್ತೆ ಮೊದಲ ಸಲ. ದೇಶದ ಒಂದು ದೊಡ್ಡ ಅನ್ಯಾಯವನ್ನು ಒಬ್ಬ ಮುದುಕನ ಮೇಲೆ ಪ್ರತಿರಾತ್ರಿ ಹೊಸದಾಗಿ ಹೇರುತ್ತಿದ್ದೇವೆ.

ವಾಸ್ತವಕ್ಕೆ ಎಳೆದು ತಂದರೆ ರೋಗಿ ಸುಧಾರಿಸುತ್ತಾನೆ ಎಂಬ ನಂಬಿಕೆ ಹೊರದೇಶಗಳ ಆಸ್ಪತ್ರೆಗಳಲ್ಲೂ ಇತ್ತು. ತಾರೀಕು, ವಾರ, ಊರು, ಹವಾಮಾನ ಎಲ್ಲವನ್ನೂ ಹಲಗೆಯ ಮೇಲೆ ಬರೆದು ಓದಿಸುತ್ತಿದ್ದರು. ಅಮೆರಿಕದ ಕ್ಲೀವ್‌ಲ್ಯಾಂಡಿನ ವೃದ್ಧಾಶ್ರಮದಲ್ಲಿ ಕೆಲಸ ಮಾಡಿದ ನಯೋಮಿ ಫೈಲ್, ಹಾಗೆ ತಿದ್ದಿಸಿಕೊಂಡ ಮುದುಕರು ಇನ್ನಷ್ಟು ಒಳಗೆ ಸರಿಯುವುದನ್ನು ಕಂಡು ಆ ದಾರಿ ಬಿಟ್ಟರು. ಮುದುಕರು ಹೇಳುತ್ತಿದ್ದ ಮಾತಿನ ಹಿಂದಿನ ಭಾವನೆಯನ್ನು ಒಪ್ಪಿಕೊಂಡು ಮಾತಾಡುವ ಕ್ರಮವನ್ನು ಕಟ್ಟಿದರು. ತಿದ್ದುವುದಕ್ಕೆ ಎದುರು ಎಂದು ಕೆಲವರು ಸುಳ್ಳಿನ ದಾರಿ ಹಿಡಿಯುತ್ತಾರೆ. "ಇವತ್ತು ರಜಾ ತಾತಾ" ಅಂದರೆ ಆಯಿತಲ್ಲ ಎಂದು. ತುರ್ತಿಗೆ ಆದೀತು, ಆದರೆ ಅದೂ ಮಗುವನ್ನು ಮರುಳು ಮಾಡುವ ಜಾಡೇ. ಸುಳ್ಳಿಗೂ ಕಟುಸತ್ಯಕ್ಕೂ ನಡುವೆ ಅಗಲವಾದ ಜಾಗವಿದೆ. "ಶಿಫ್ಟಿಗಾ ಅಪ್ಪಾ? ಯಾವ ಶಾಫ್ಟಿಗೆ ಇಳೀತಿದ್ರಿ? ಮೇಸ್ತ್ರಿ ಜೋರಾ?" ಎಂದು ಕೇಳಬಹುದು. ಒಂದು ಲೋಟ ನೀರು ಕೊಟ್ಟು ಪಕ್ಕ ಕೂರಬಹುದು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ತೀರಿಹೋದ ಹೆಂಡತಿ ಎಲ್ಲಿ ಎಂದು ಕೇಳಿದಾಗಲೂ ಅಷ್ಟೆ. ಅವರಿಗೆ ಬೇಕಾದದ್ದು ಸಾವಿನ ವರ್ಷವಲ್ಲ, ಆಕೆಯ ಮಾತು. "ಅವ್ವ ಮಾಡ್ತಿದ್ದ ಸಾರಿನ ರುಚಿ ಯಾರಿಗೂ ಬರ್ಲಿಲ್ಲ ಅಲ್ವಾ ಅಪ್ಪಾ" ಎಂದರೆ ಆ ಮಾತು ಶುರುವಾಗುತ್ತದೆ.

ಕೇಳುವಿಕೆಯ ವಿಷಯವನ್ನು ಇಲ್ಲಿ ಬಿಡುವಂತಿಲ್ಲ, ಏಕೆಂದರೆ ಗಣಿಯಲ್ಲಿ ಡ್ರಿಲ್ ಹಿಡಿದವರ, ಮಿಲ್ಲಿನಲ್ಲಿ ದುಡಿದವರ ಕಿವಿ ಎಷ್ಟೋ ಮೊದಲೇ ಕೆಟ್ಟಿರುತ್ತದೆ. ಸದ್ದಿನಿಂದ ಕೆಟ್ಟ ಕಿವಿಗೆ ಮೊದಲು ಹೋಗುವುದು ಸಣ್ಣ, ಚೂಪು ದನಿಗಳು. ಸ, ಶ, ತ, ಕ ಇಂಥವು ಅಳಿಸಿಹೋಗಿ, ಉಳಿದದ್ದು ಗೊಂದಲವಾಗಿ ಕೇಳುತ್ತದೆ. ನಾವು ಮಕ್ಕಳಿಗೆ ಮಾಡುವ ಹಾಗೆ ದನಿ ತೆಳ್ಳಗೆ ಮಾಡಿ, ರಾಗ ಎಳೆದು ಮಾತಾಡಿದರೆ ಆ ಕಿವಿಗೆ ಅತಿ ಕಷ್ಟದ ದನಿಯನ್ನೇ ಆರಿಸಿಕೊಂಡಂತಾಯಿತು. ಬೆನ್ನ ಹಿಂದಿನಿಂದ ಕಿರುಚಿದರಂತೂ ಬೈದ ಹಾಗೆ ಕೇಳುತ್ತದೆ. ಎದುರು ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ಟಿವಿ ಆರಿಸಿ, ಕೆಳದನಿಯಲ್ಲಿ ಒಂದು ಸಲಕ್ಕೆ ಒಂದೇ ಮಾತು ಹೇಳಿ ಕಾಯಬೇಕು. ನಿಜವಾಗಿ ಕಾಯಬೇಕು. ಅವರ ತಲೆಯಲ್ಲಿ ಮಾತು ಹುಡುಕಿ ಬರಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಾವು ಪ್ರಶ್ನೆಯನ್ನೇ ಬೇರೆ ಪದಗಳಲ್ಲಿ ತಿರುಗಿಸಿ ಕೇಳಿದರೆ ಅವರು ಹುಡುಕಾಟವನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಉತ್ತರ ಬರಲಿಲ್ಲ ಎಂದು ನಾವು ತೀರ್ಪು ಕೊಡುವ ಎಷ್ಟೋ ಸಲ ಉತ್ತರ ದಾರಿಯಲ್ಲಿರುತ್ತದೆ.

ಭಾಷೆಯ ಗಂಟು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಇನ್ನೂ ಬಿಗಿ. ಮನೆಯಲ್ಲಿ ತಮಿಳು ಅಥವಾ ತೆಲುಗು, ಸಂತೆಯಲ್ಲಿ ಕನ್ನಡ, ನೆರೆಯಲ್ಲಿ ಉರ್ದು, ಗಣಿಯೊಳಗೆ ಇಂಗ್ಲಿಷ್ ಪದಗಳು, ಹೀಗೆ ಬದುಕಿದವರು ಇವರು. ಈ ಬಹುಭಾಷೆ ಒಂದು ಆಸ್ತಿ. ವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಮರೆವಿನ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಓದು ಬರಹ ಬಾರದವರಲ್ಲೂ ಕೂಡ. ಆದರೆ ಕಾಯಿಲೆ ಬಂದ ಮೇಲೆ ಹಲವರಲ್ಲಿ ಆಮೇಲೆ ಕಲಿತ ಭಾಷೆಗಳು ಮಸುಕಾಗಿ ತಾಯಿನುಡಿ ಮುಂದೆ ಬರುತ್ತದೆ. ಕನ್ನಡದ ಶಾಲೆಯಲ್ಲಿ ಓದಿದ ಮೊಮ್ಮಗಳಿಗೆ, ಬಂಗಾರಪೇಟೆ ಕಡೆಯಿಂದ ನೋಡಿಕೊಳ್ಳಲು ಬಂದ ಹೆಂಗಸಿಗೆ, ಅಜ್ಜಿಯ ಹಳೇ ಊರಿನ ತಮಿಳು ಅರ್ಥವಾಗುವುದಿಲ್ಲ. ಏನೇನೋ ಬಡಬಡಿಸುತ್ತಾರೆ ಎಂದು ಬಿಟ್ಟುಬಿಡುತ್ತಾರೆ. ಅದು ಬಡಬಡಿಕೆಯಲ್ಲ, ನೀರು ಬೇಕು ಅನ್ನುವ ಮಾತಿರಬಹುದು, ಹೊಟ್ಟೆ ನೋವು ಅನ್ನುವ ಮಾತಿರಬಹುದು. ನೋವು, ನೀರು, ಹಸಿವು, ಚಳಿ, ಭಯ, ಕಕ್ಕಸು, ಇಷ್ಟಕ್ಕೆ ಆ ಭಾಷೆಯಲ್ಲಿ ಏನನ್ನುತ್ತಾರೆ ಎಂದು ಪಕ್ಕದ ಮನೆಯವರನ್ನು ಕೇಳಿ ಕಲಿಯಲು ಒಂದು ಮಧ್ಯಾಹ್ನ ಸಾಕು.

"ನಾನ್ಯಾರು ಹೇಳಿ", "ಇವತ್ತು ಯಾವ ವಾರ ಹೇಳಿ" ಎಂಬ ಪರೀಕ್ಷೆ ಮನೆಯೊಳಗೆ ನುಗ್ಗಿದ್ದು ಆಸ್ಪತ್ರೆಯಿಂದ ಇರಬೇಕು. 1975ರಲ್ಲಿ ಫೋಲ್‌ಸ್ಟೀನ್ ದಂಪತಿ ಸಂಗಡಿಗರೊಡನೆ ರೂಪಿಸಿದ 30 ಅಂಕಗಳ ಪರೀಕ್ಷೆಯಲ್ಲಿ ತಾರೀಕು, ಊರು ಕೇಳುವ ಪ್ರಶ್ನೆಗಳಿವೆ. ಅದು ವೈದ್ಯರ ಸಾಧನ, ಯಾವಾಗಲೋ ಒಮ್ಮೆ ಬಳಸುವಂಥದು. ದಿನಕ್ಕೆ ಹತ್ತು ಸಲ, ಅದೂ ನೆಂಟರ ಮುಂದೆ, ಇದನ್ನು ಕೇಳುವುದರಿಂದ ನೆನಪು ಗಟ್ಟಿಯಾಗುವುದಿಲ್ಲ. "ನಾನು ನಿಮ್ಮ ಮೊಮ್ಮಗಳು ತಾತಾ, ಕಾಲೇಜಿಂದ ಬಂದೆ" ಎಂದು ನಾವೇ ಹೇಳಿಕೊಂಡು ಹತ್ತಿರ ಹೋದರೆ ಯಾರ ಗಂಟೂ ಹೋಗುವುದಿಲ್ಲ.

ಗಂಡಸರ ಮಾತೇ ಹೆಚ್ಚಾಯಿತು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಬಂಗಾರಪೇಟೆಯ ಸುತ್ತಲ ಹಳ್ಳಿಗಳಲ್ಲಿ ಅಜ್ಜಿಯರಿಗೆ ಸಿಗುವ ಆರೈಕೆಯ ಮೊದಲ ಮಾತು "ನೀವು ಸುಮ್ನೆ ಕೂತ್ಕೊಳ್ಳಿ ಅಜ್ಜಿ" ಎಂಬುದು. ಚಳಿಗಾಲದ ಅವರೆಕಾಯಿ ಸುಗ್ಗಿಯಲ್ಲಿ ಒಂದು ಮನೆಯ ಜಗಲಿಯಲ್ಲಿ ಕಂಡದ್ದು ಬೇರೆ. ನೆನೆಸಿದ ಅವರೆಕಾಳಿನ ಬೋಗುಣಿಯೊಂದನ್ನು ಮಗಳು ತಾಯಿಯ ಮುಂದೆಯೂ ಇಟ್ಟಳು. ವಾರ, ವರ್ಷ, ಮಗಳ ಹೆಸರು ಯಾವುದೂ ನಿಲ್ಲದ ಆ ತಾಯಿಯ ಹೆಬ್ಬೆರಳು ತೋರುಬೆರಳು ಕಾಳನ್ನು ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸುತ್ತಿದ್ದವು, ಮಗಳಿಗಿಂತ ಚುರುಕಾಗಿ. ಕೆಲವು ಬೇಳೆ ಸಿಪ್ಪೆಯ ರಾಶಿಗೆ ಬೀಳುತ್ತಿದ್ದವು, ಮಗಳು ಸದ್ದಿಲ್ಲದೆ ಆರಿಸಿಕೊಳ್ಳುತ್ತಿದ್ದಳು. "ಈ ಸಲದ ಕಾಯಿ ಸೊಗಡು ಹೆಂಗೈತಮ್ಮಾ?" ಎಂದು ಕೇಳಿದಳು. ಆಕೆ ಬೆರಳು ಮೂಸಿ ನೋಡಿ, "ಸಾಲ್ದು. ಇನ್ನೂ ಇಬ್ಬನಿ ಬೀಳ್ಬೇಕು" ಅಂದರು. ಮಗಳು ಕೇಳಿದ್ದು ತಾಯಿಗೆ ಗೊತ್ತಿರುವುದನ್ನು. ಗೊತ್ತಿಲ್ಲದ್ದನ್ನು ಕೇಳಿ ಸೋಲಿಸುವುದಕ್ಕೂ ಗೊತ್ತಿರುವುದನ್ನು ಕೇಳಿ ಸಲಹೆ ಪಡೆಯುವುದಕ್ಕೂ ಇರುವ ಅಂತರದಲ್ಲೇ ನಾನು ಹೇಳುತ್ತಿರುವುದೆಲ್ಲ ಇದೆ.

ಹೊತ್ತೆಲ್ಲಿದೆ ಎಂಬ ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳುವುದಿಲ್ಲ. ಗಣಿ ಮುಚ್ಚಿದ ಮೇಲೆ ಇಲ್ಲಿನ ಮಕ್ಕಳು ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಉಳಿದವರು ಸೊಸೆ, ಮೊಮ್ಮಗಳು, ಅಥವಾ ಎಪ್ಪತ್ತರ ಹೆಂಡತಿ. ಅವರು ದಣಿದಿದ್ದಾರೆ, ಅವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಬ್ರಿಟನ್ನಿನ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ, ರೋಗಿಯನ್ನು ಕುಗ್ಗಿಸುವ ನಡೆಗಳನ್ನು ಪಟ್ಟಿ ಮಾಡುತ್ತಾ ಮಗುವಿನಂತೆ ಕಾಣುವುದನ್ನೂ ಅದರಲ್ಲಿ ಸೇರಿಸಿದರು, ಹಾಗೆ ಮಾಡುವವರಲ್ಲಿ ಕೆಡುಕಿಲ್ಲ ಎಂಬುದನ್ನೂ ಒತ್ತಿ ಹೇಳಿದರು. ಹೊತ್ತಿನ ಲೆಕ್ಕವನ್ನೇ ಹಾಕೋಣ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಕ್ರಿಸ್ಟೀನ್ ವಿಲಿಯಮ್ಸ್ ತಂಡ ವೃದ್ಧಾಶ್ರಮದ ಆರೈಕೆಯನ್ನು ವಿಡಿಯೋ ಮಾಡಿ 2009ರಲ್ಲಿ ವರದಿ ಕೊಟ್ಟಿತು. ಡಿಮೆನ್ಷಿಯಾ ಇರುವವರೊಂದಿಗೆ ಮುದ್ದುಮಾತು ಆಡಿದಾಗ ಅವರು ಪ್ರತಿಭಟಿಸುವ ಸಂಭವ, ದೊಡ್ಡವರೊಂದಿಗೆ ಆಡುವಂತೆ ಆಡಿದಾಗಿನದಕ್ಕಿಂತ ಎರಡು ಪಟ್ಟು ಇತ್ತು. ಕೈ ಕೊಸರುವುದು, ಕೂಗುವುದು, ಹೊಡೆಯುವುದು, ಮುಖ ತಿರುಗಿಸುವುದು ಎಲ್ಲ ಅದರಲ್ಲಿ ಸೇರಿದೆ. ಸ್ನಾನದ ಮನೆಯಲ್ಲಿ ಅರ್ಧ ಗಂಟೆ ಗುದ್ದಾಡುವುದಕ್ಕಿಂತ, "ಅಪ್ಪಾ, ನೀರು ಕಾದಿದೆ, ಟವೆಲ್ ನಿಮ್ಮ ಕೈಲಿರಲಿ, ನಾನು ಬೆನ್ನು ತಿಕ್ತೀನಿ" ಎಂದು ಹೇಳಿ ಕಾಯುವ ಅರೆಗಳಿಗೆ ಅಗ್ಗ.

ಕಾನೂನೂ ನಮ್ಮ ಗಾದೆಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ಏರುಪೇರನ್ನೂ ಸೇರಿಸಿಕೊಂಡಿದೆ. ಚಿಕಿತ್ಸೆಯ ತೀರ್ಮಾನವನ್ನು ಮಾತಿನಿಂದಲೋ, ಮುಖಭಾವದಿಂದಲೋ, ಸನ್ನೆಯಿಂದಲೋ ತಿಳಿಸಿದರೂ ಅದು ತಿಳಿಸಿದಂತೆಯೇ ಎಂದು ಅದರ 4ನೇ ಸೆಕ್ಷನ್ ಒಪ್ಪುತ್ತದೆ. ಮಾಹಿತಿಯನ್ನು ಆ ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ, ಸನ್ನೆಯಲ್ಲಿ, ಚಿತ್ರಗಳಲ್ಲಿ ಕೊಡಬೇಕು ಎನ್ನುತ್ತದೆ. ಹಾಗಿದ್ದೂ ಡಾಕ್ಟರ ಮುಂದಿನ ಕುರ್ಚಿಯಲ್ಲಿ ಕೂರುವುದು ಮಗ, ರೋಗಿಗೆ ಗೋಡೆ ಪಕ್ಕದ ಸ್ಟೂಲು. "ಇವರಿಗೆ ಏನಾಗ್ತಿದೆ?" ಎಂಬ ಪ್ರಶ್ನೆ ಮಗನಿಗೆ ಹೋಗುತ್ತದೆ.

ಕೋಲಾರ ಜಿಲ್ಲೆ ಈ ವಿಷಯದಲ್ಲಿ ಹಿಂದುಳಿದದ್ದು ಎಂದು ಹೇಳುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮೆದುಳಿನ ಆರೋಗ್ಯವನ್ನು ವರ್ಷಗಳಿಂದ ಗಮನಿಸುತ್ತಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಕಾಯಿಲೆಗೆ ಹೆಸರಿಡುವ ದಾರಿ ತೆರೆದಿದೆ. ಹೆಸರಿಟ್ಟ ಮೇಲೆ ಮನೆಗೆ ಹೋಗಿ ಹೇಗೆ ಮಾತಾಡಬೇಕು ಎಂಬುದನ್ನು ಮಾತ್ರೆ ಚೀಟಿಯ ಜೊತೆಗೇ ಹೇಳಿಕೊಡಬೇಕು. ಕನ್ನಡದಲ್ಲಿ ಮಾತ್ರವಲ್ಲ, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳಿಂದ ಬಂದವರಿಗೆ ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಬಾಣಂತಿ, ಕೂಸುಗಳ ಪಾಠದ ಪಕ್ಕದಲ್ಲಿ ಇದಕ್ಕೂ ಅರ್ಧ ದಿನ ಬೇಕು, ಕಲಿಸುವವರ ಸಾಲಿನಲ್ಲಿ ಗಣಿಯಿಂದ ನಿವೃತ್ತರಾಗಿ ಇನ್ನೂ ನೆನಪು ಗಟ್ಟಿಯಿರುವ ಕಾರ್ಮಿಕರೂ ಇರಬೇಕು. ಮರಕಟ್ಟಿನ ಮಾತು ತೆಗೆಯಲು ಬರುವುದು ಅವರಿಗೇ. ಡಾಕ್ಟರ ಕೋಣೆಯಲ್ಲಿ ಮೊದಲ ಕುರ್ಚಿ ರೋಗಿಯದಾಗಬೇಕು, ಮೊದಲ ಪ್ರಶ್ನೆ ಅವರಿಗೇ ಹೋಗಬೇಕು, ಉತ್ತರ ಬರುವವರೆಗೆ ಮಗ ಬಾಯಿ ಹಾಕಬಾರದು.